ಹೊಸ ಊರಿನ ಮೇಲೆ ದಾಳಿ: ಬರೀ ಗಾಬ್ಲಿನ್ ಕಡಿಯೋ ಆಟ ಆಗದ ಹಾಗೆ ಕಟ್ಟೋದು ಹೇಗೆ?

ಕವಡೆ
ಆಟ ಡಂಜನ್ಸ್ ಆಂಡ್ ಡ್ರಾಗನ್ಸ್ (ದಾಳ ಉರುಳಿಸಿ, ಮಾತಲ್ಲೇ ಕಥೆ ಕಟ್ಟೋ ಪಾತ್ರದಾಟ), 5ನೇ ಆವೃತ್ತಿ, 2014ರ ನಿಯಮ. ಆಟ ನಡೆಸೋ ಡಿಎಂ (ಡಂಜನ್ ಮಾಸ್ಟರ್) ನಾನು. ನಾಲ್ಕು ಜನ ಆಟಗಾರರು: ಫೈಟರ್ (ಕತ್ತಿ ಹಿಡಿದವ), ರೋಗ್ (ಚುರುಕು ಕಳ್ಳ), ಕ್ಲೆರಿಕ್ (ದೈವಶಕ್ತಿಯ ಪೂಜಾರಿ), ವಿಝರ್ಡ್ (ಮಂತ್ರವಾದಿ). ಎಲ್ಲರೂ 3ನೇ ಲೆವೆಲ್. ಕಾಡಂಚಿನಲ್ಲಿ ಅವರೇ ನಿಂತು ಕಟ್ಟಿಸಿದ ಹೊಸ ಊರು ಇದೆ. 40 ಜನ, 11 ಗುಡಿಸಲು, ಮಧ್ಯೆ ಚಾವಡಿ. ಸುತ್ತಲಿನ ಮರದ ಬೇಲಿ ಮುಕ್ಕಾಲು ಭಾಗ ಎದ್ದಿದೆ. ಹಳ್ಳಕ್ಕೆ ಅಡ್ಡ ಏರಿ ಹಾಕಿ ಒಂದು ಕೆರೆ ಮಾಡಿದ್ದಾರೆ, ಈಗ ಅದೂ ತುಂಬಿದೆ.

ಮುಂದಿನ ಆಟದಲ್ಲಿ ಊರಿಗೆ ಮೊದಲ ಪೆಟ್ಟು ಬೀಳಬೇಕು. ಬೇಲಿಯ ಬಾಗಿಲಲ್ಲಿ ನಿಂತು ಅಲೆ ಅಲೆಯಾಗಿ ಬರೋ ಗಾಬ್ಲಿನ್‌ಗಳನ್ನ (ಕುಳ್ಳ ರಾಕ್ಷಸರು) ಕಡಿಯೋದಾದ್ರೆ ಎರಡನೇ ಸುತ್ತಿಗೆ ಎಲ್ಲರೂ ಫೋನ್ ನೋಡ್ತಾರೆ. ಸಂಖ್ಯೆ, ದೂರ, ನಿಯಮ ಸಮೇತ ಹೇಳಿ.

ಇಪ್ಪತ್ತು ಮುಖ
ಬಾಗಿಲಲ್ಲಿ ಜಗಳ ಇಟ್ಟರೆ ಫೈಟರ್ ಒಬ್ಬನೇ ಬಾಗಿಲು ಮುಚ್ಚಿ ನಿಲ್ತಾನೆ, ಉಳಿದವರು ಹಿಂದಿನಿಂದ ಹೊಡೀತಾರೆ. ಅಲ್ಲಿಗೆ ಮುಗೀತು. ಹೊಸ ಊರಿನ ವಿಶೇಷ ಏನು ಅಂದ್ರೆ ಅಲ್ಲಿ ಎಲ್ಲವೂ ಅರ್ಧಂಬರ್ಧ. ಅರ್ಧ ಆಗಿರೋದನ್ನೇ ಶತ್ರುವಿನ ಗುರಿ ಮಾಡಿ. ಏಕಕಾಲಕ್ಕೆ ಮೂರು ಕಡೆ ಕೆಲಸ ಕೆಡಬೇಕು, ಆಟಗಾರರ ಕೈಯಲ್ಲಿ ಎರಡು ಕಡೆ ಹೋಗೋಷ್ಟೇ ಶಕ್ತಿ ಇರಬೇಕು.

ಹೀಗೆ ಹಂಚಿ:

ಬೇಲಿಯ ತೆರಪು: 4 ಗಾಬ್ಲಿನ್. ಗದ್ದಲ ಮಾಡೋದು, ಬೆಂಕಿ ಎಸೆಯೋದು ಇವರ ಕೆಲಸ.
ಕೆರೆ ಏರಿ: 1 ಹಾಬ್‌ಗಾಬ್ಲಿನ್ (ಗಾಬ್ಲಿನ್‌ಗಿಂತ ದೊಡ್ಡ, ಗಟ್ಟಿ ಸಿಪಾಯಿ), 3 ಗಾಬ್ಲಿನ್. ಏರಿ ಒಡೆಯೋದಕ್ಕೆ.
ದನದ ಕೊಟ್ಟಿಗೆ: 2 ವಾರ್ಗ್ (ದೈತ್ಯ ತೋಳ).

ಈಗ ಲೆಕ್ಕ. ಎಕ್ಸ್‌ಪಿ ಅಂದ್ರೆ ಶತ್ರುವಿನ ಬಲಕ್ಕೆ ಪುಸ್ತಕ ಕೊಟ್ಟ ಅಂಕ: ಗಾಬ್ಲಿನ್ 50, ಹಾಬ್‌ಗಾಬ್ಲಿನ್ 100, ವಾರ್ಗ್ 100. 3ನೇ ಲೆವೆಲ್‌ನ ನಾಲ್ಕು ಜನಕ್ಕೆ ಜಗಳ ಎಷ್ಟು ಕಷ್ಟ ಅನ್ನೋ ಗೆರೆಗಳು: ಈಝಿ 300, ಮೀಡಿಯಂ 600, ಹಾರ್ಡ್ 900, ಡೆಡ್ಲಿ 1600. ತೆರಪಿನವರು 200, ಶತ್ರುಗಳ ಸಂಖ್ಯೆ ಹೆಚ್ಚಾದಷ್ಟೂ ಏರೋ ಗುಣಕ ಇಲ್ಲಿ 2, ಆಯ್ತು 400. ಏರಿಯವರು 250, ಗುಣಕ 2, 500. ವಾರ್ಗ್ ಜೋಡಿ 200, ಗುಣಕ ಒಂದೂವರೆ, 300. ಮೂರೂ ಬಿಡಿಬಿಡಿಯಾಗಿ ಈಝಿ. ಆದರೆ ಹತ್ತೂ ಒಂದೇ ಕಡೆ ಸೇರಿದರೆ 650ಕ್ಕೆ ಗುಣಕ ಎರಡೂವರೆ, 1625. ಡೆಡ್ಲಿ ಗೆರೆಯನ್ನ ಕೂದಲೆಳೆಯಲ್ಲಿ ದಾಟುತ್ತೆ. ನಮಗೆ ಬೇಕಾದ್ದೂ ಅದೇ. ಆಟಗಾರರು ಚೆನ್ನಾಗಿ ಹಂಚಿಕೊಂಡರೆ ಸಲೀಸು. ಎಲ್ಲರೂ ಚಾವಡಿ ಮುಂದೆ ಗುಂಪುಗಟ್ಟಿ ನಿಂತು ಶತ್ರು ಬರಲಿ ಅಂತ ಕಾದರೆ ಪ್ರಾಣಕ್ಕೆ ಸಂಚಕಾರ.

ಮಧ್ಯೆ ವಿಶ್ರಾಂತಿ ಇಲ್ಲದ ಕಂತಿನ ಜಗಳಕ್ಕೆ ಡಿಎಂಗಳ ಕೈಪಿಡಿ ಡಂಜನ್ ಮಾಸ್ಟರ್ಸ್ ಗೈಡ್ ಒಂದು ಗೆರೆ ಹೇಳುತ್ತೆ: ಕಂತುಗಳ ಒಟ್ಟು ಮೊತ್ತ ಒಂದು ದಿನದ ಎಕ್ಸ್‌ಪಿ ಬಜೆಟ್ಟಿನ ಮೂರನೇ ಒಂದು ಭಾಗ ಮೀರಿದರೆ ಜಗಳ ಬಿಡಿಬಿಡಿ ಲೆಕ್ಕಕ್ಕಿಂತ ಕಷ್ಟ ಆಗುತ್ತೆ. ಈ ಲೆವೆಲ್‌ಗೆ ತಲೆಗೆ 1200, ನಾಲ್ವರಿಗೆ 4800, ಮೂರನೇ ಒಂದು ಭಾಗ 1600. ನಮ್ಮ ಕಂತುಗಳು 1200. ಕೈಯಲ್ಲಿ ಸ್ವಲ್ಪ ಉಳಿದೇ ಇದೆ.

ಹಾಬ್‌ಗಾಬ್ಲಿನ್ ಬಗ್ಗೆ ಒಂದು ಎಚ್ಚರಿಕೆ. ಎಚ್‌ಪಿ (ಪ್ರಾಣದ ಅಂಕ) 11 ಅಂತ ಕಡೆಗಣಿಸಬೇಡಿ. ಎಸಿ (ಪೆಟ್ಟು ತಾಗೋಕೆ ದಾಳ ಮುಟ್ಟಬೇಕಾದ ಅಂಕ) 18, ಮತ್ತೆ ಅದರ ಜೊತೆಗಾರ ಗುರಿಯ 5 ಅಡಿಯೊಳಗೆ ಇದ್ದರೆ ಸರದಿಗೊಮ್ಮೆ 2ಡಿ6 (ಆರು ಮುಖದ ಎರಡು ದಾಳದ ಮೊತ್ತ) ಹೆಚ್ಚುವರಿ ಪೆಟ್ಟು. 3ನೇ ಲೆವೆಲ್ ವಿಝರ್ಡ್ ಎರಡು ಏಟಿಗೆ ಮಲಗ್ತಾನೆ. ಆದ್ದರಿಂದ ಒಂದೇ ಸಾಕು. ಎರಡು ಇಡೋ ಆಸೆ ಬೇಡ.

ಗೇರುಬೀಜ
ಲೆಕ್ಕ ಸರಿ ಉಂಟು, ಆದರೆ ದೂರ ಹೇಳಲಿಲ್ಲ ಮಾರಾಯ್ರೆ. ಮೂರು ಜಾಗ 40 ಅಡಿಯೊಳಗೆ ಇಟ್ಟರೆ ಅದು ಮೂರು ಜಾಗವೇ ಅಲ್ಲ.

30ಕ್ಕೆ 30 ಚೌಕದ ನಕ್ಷೆ ಸಾಕು, ಅಂದರೆ 150 ಅಡಿ ಚದರ. ತೆರಪು, ಏರಿ, ಕೊಟ್ಟಿಗೆ ಮೂರನ್ನೂ ಒಂದಕ್ಕೊಂದು 120 ಅಡಿ ದೂರದ ತ್ರಿಕೋನದ ಹಾಗೆ ಇಡಿ, ನಡುವೆ ಚಾವಡಿ. ಆಗ ಚಾವಡಿಯಿಂದ ಯಾವ ಕಡೆಗೆ ಹೋದರೂ ಸುಮಾರು 70 ಅಡಿ. ಸುತ್ತಿಗೆ 30 ಅಡಿ ನಡೆಯುವವ ತನ್ನ ಆಕ್ಷನ್ (ಸರದಿಯ ಮುಖ್ಯ ಕೆಲಸ) ಕೊಟ್ಟು ಡ್ಯಾಶ್ ಮಾಡಿದರೆ, ಅಂದರೆ ಓಡಿದರೆ 60. ಹತ್ತು ಅಡಿ ಕಡಿಮೆ ಬೀಳ್ತದೆ, ಅಂದರೆ ಮೊದಲ ಸುತ್ತಿನಲ್ಲಿ ಓಡಿದವನಿಗೆ ಕತ್ತಿ ಬೀಸ್ಲಿಕ್ಕೆ ಆಗುವುದು ಎರಡನೇ ಸುತ್ತಿನಲ್ಲಿ. ರೋಗ್ ಮಾತ್ರ ಬೋನಸ್ ಆಕ್ಷನ್‌ನಲ್ಲೂ (ಸರದಿಯ ಹೆಚ್ಚುವರಿ ಸಣ್ಣ ಕೆಲಸ) ಡ್ಯಾಶ್ ಮಾಡಿ 90 ಅಡಿ ಹೋಗ್ತಾನೆ. ಹೋಗಲಿ ಬಿಡಿ, ಒಬ್ಬನೇ ಮುಂದೆ ಸಿಕ್ಕಿಕೊಳ್ಳುವುದೂ ಒಂದು ಮಜಾ.

ಇನ್ನೊಂದು. ಲಾಂಗ್‌ಬೋ (ಉದ್ದ ಬಿಲ್ಲು) 150 ಅಡಿ ಹೋಗ್ತದೆ. ಹಗಲಲ್ಲಿ ಇಟ್ಟರೆ ಚಾವಡಿಯ ಮಾಡಿನ ಮೇಲೆ ಕುಳಿತ ಒಬ್ಬನೇ ಮೂರೂ ಕಡೆ ಮುಗಿಸ್ತಾನೆ. ಅಮಾವಾಸ್ಯೆ ರಾತ್ರಿ ಮಾಡಿ. ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಗುಣ) ಸಾಮಾನ್ಯವಾಗಿ 60 ಅಡಿ, ಚಾವಡಿಯಿಂದ ಜಗಳದ ಜಾಗ 70. ಆ ಗುಣ ಇರುವ ಎಲ್ಫ್ ಪಾತ್ರ ಆದರೂ ಕೆಳಗೆ ಇಳಿಯಲೇಬೇಕು. ಪಂಜಿನ ಬೆಳಕು 20 ಅಡಿ ಚೆನ್ನಾಗಿ, ಮತ್ತೆ 20 ಅಡಿ ಮಬ್ಬು. ಪಂಜು ಹಿಡಿದವ ಎಲ್ಲರಿಗೂ ಕಾಣ್ತಾನೆ ಅಂತ ಮರೆಯಬೇಡಿ. ಗಾಬ್ಲಿನ್‌ನ ಶಾರ್ಟ್‌ಬೋ 80 ಅಡಿ.

ಬೇಲಿಗೆ ತಂದ ಮರದ ದಿಮ್ಮಿ, ಸುಣ್ಣದ ಗುಂಡಿ, ಇಟ್ಟಿಗೆ ರಾಶಿ ಅಲ್ಲಲ್ಲಿ ಇಡಿ. ಗಾಬ್ಲಿನ್‌ಗೆ ಬೋನಸ್ ಆಕ್ಷನ್‌ನಲ್ಲಿ ಅಡಗಲಿಕ್ಕೆ ಆಗ್ತದೆ. ಬಯಲಲ್ಲಿ ನಿಲ್ಲಿಸಿದರೆ ಆ ಗುಣ ದಂಡ. 7 ಎಚ್‌ಪಿಯ ಪ್ರಾಣಿ, ಒಂದೇ ಏಟಿಗೆ ಸಾಯ್ತದೆ.

ಕವಡೆ
ಚೆನ್ನಾಗಿದೆ. ಏರಿ ಒಡೆಯೋದಕ್ಕೆ ಎಷ್ಟು ಸುತ್ತು ಕೊಡಲಿ? ಕಾಗದದ ಮೇಲೆ ಆರು ಮನೆಯ ಗಡಿಯಾರ (ಎಲ್ಲ ಮನೆ ತುಂಬಿದರೆ ಏರಿ ಹೋಯ್ತು ಅನ್ನೋ ಗುರುತು) ಬರೆದು ಸುತ್ತಿಗೊಂದು ತುಂಬಿಸಿದರೆ ಸಾಕಾ?

ಉಳ್ಳಾಗಡ್ಡಿ
ಆರು ಸುತ್ತು ಅಂದ್ರ 36 ಸೆಕೆಂಡ್ ರಿ. 36 ಸೆಕೆಂಡಿನಾಗ ಮೂರು ಗಾಬ್ಲಿನ್ ಸಲಕಿ ಹಿಡಕೊಂಡು ಏರಿ ಒಡೀತಾವು ಅಂದ್ರ ಅದು ಏರಿ ಅಲ್ಲ, ಮಳೆಗಾಲದಾಗ ಹುಡುಗರು ಕಟ್ಟಿದ ಕಟ್ಟೆ. ಹೊಲಾ ಗದ್ದಿ ಕಂಡ ಆಟಗಾರ ಒಬ್ಬ ಇದ್ರೂ ನಗತಾನ.

ಏರಿ ಒಡೆಯೋದು ಮೂರು ದಾರಿಯಿಂದ. ಒಂದು, ಕೋಡಿ ಕಟ್ಟಿಕೊಂಡು ನೀರು ಏರಿ ಮ್ಯಾಲ ಹಾಯೋದು. ಮಣ್ಣಿನ ಏರಿ ಮ್ಯಾಲ ನೀರು ಹರಿಯಾಕ ಹತ್ತಿದ್ರ ಹಿಂದಿನ ಮೈ ತಾನ ಕೊರಕೊಂತ ಬರತೈತಿ, ಯಾರೂ ಅಗಿಯೋದು ಬ್ಯಾಡ. ಎರಡು, ಒಳಗಿಂದ ಊಟೆ ಬಿದ್ದು ಮಣ್ಣು ಕೊಚ್ಚಿಕೊಂಡು ಹೋಗೋದು. ಇಲಿ ಬಿಲ, ಹುತ್ತ, ಬೇರು ಕೊಳೆತ ಸಂದು ಇದಕ್ಕ ಕಾರಣ. ಮೂರು, ತೂಬಿನ ಕಲ್ಲಿಗೂ ಮಣ್ಣಿಗೂ ನಡುವ ಸಂದು ಬಿಡೋದು. ಹೊಸ ಏರಿಯಾಗ ಇದು ಜಾಸ್ತಿ, ಯಾಕಂದ್ರ ಮಣ್ಣು ಇನ್ನೂ ಕುಂತಿರಂಗಿಲ್ಲ, ಕಲ್ಲಿನ ಸುತ್ತ ದಮ್ಮಸ್ ಸರಿಯಾಗಿ ಬಿದ್ದಿರಂಗಿಲ್ಲ.

ಹಿಂಗಾಗಿ ಕಥಿ ಹಿಂಗ ಮಾಡ್ರಿ. ಗಾಬ್ಲಿನ್ ಎರಡು ರಾತ್ರಿಯಿಂದ ಕೆಲಸ ಮಾಡ್ಯಾವು. ಕೋಡಿಗೆ ದಿಮ್ಮಿ, ಮುಳ್ಳಿನ ಕಂಟಿ ತುರುಕ್ಯಾವು, ನೀರು ಏರಿ ತಲಿಗೆ ಒಂದು ಗೇಣು ಉಳದೈತಿ. ತೂಬಿನ ಪಕ್ಕ ಹಿಂದಿನ ಮೈಯಾಗ ಅರ್ಧ ಅಗದಾವು. ಜಗಳದ 36 ಸೆಕೆಂಡ್ ಕಡೀ ಗೇಣಿಂದು ಅಷ್ಟ. ಆಗ ನಂಬೂ ಹಂಗ ಆಗತೈತಿ.

ಸುಳಿವು ಹೆಂಗ ಕೊಡೋದು: ಏರಿ ಹಿಂದ ಊಟೆ ನೀರು ತಿಳಿ ಇದ್ರ ಅಂಜೂದಿಲ್ಲ, ಎಲ್ಲಾ ಏರಿಗೂ ಅಷ್ಟು ಇಷ್ಟು ಇರತೈತಿ. ಕೆಂಪಗ ರಾಡಿ ಬಂತು ಅಂದ್ರ ಒಳಗ ಮಣ್ಣು ಹೊಂಟೈತಿ. ದಾಳಿ ದಿನ ಸಂಜೀಕ ನೀರುಗಂಟಿ ಕಡೆಯಿಂದ ಇದನ್ನ ಹೇಳಸ್ರಿ: "ನಿನ್ನಿ ತನಕ ತಿಳಿ ಬರ್ತಿತ್ತು, ಇವತ್ತು ಕೆಂಪಗೈತಿ." ಅಷ್ಟ. ಮುಂದ ಕೆದಕೋದು ಬಿಡೋದು ಆಟಗಾರರಿಗೆ ಬಿಟ್ಟದ್ದು.

ರಿಪೇರಿ ವಿಷಯದಾಗ ಒಂದು. ಎಲ್ಲಾರೂ ಊಟೆ ಬಾಯಿಗೆ ಅರಿವಿ ತುರುಕಾಕ ಹೋಗತಾರ. ಅದು ತಪ್ಪು, ಅಲ್ಲಿ ಮುಚ್ಚಿದ್ರ ನೀರು ಪಕ್ಕಕ್ಕ ಇನ್ನೊಂದು ಬಾಯಿ ತಗೀತೈತಿ. ಬಾಯಿ ಸುತ್ತ ಮರಳಿನ ಚೀಲ ಗುಂಡಗ ಏರಿಸಿ ನೀರು ಅದರಾಗ ನಿಲ್ಲೂ ಹಂಗ ಮಾಡಬೇಕು. ನಿಂತ ನೀರಿನ ಭಾರಕ್ಕ ಒಳಗಿನ ಸೆಳವು ಕಮ್ಮಿ ಆಗತೈತಿ, ಮಣ್ಣು ಬರೋದು ನಿಲ್ಲತೈತಿ. ಆಟಗಾರ ಹಿಂಗ ಹೇಳಿದ್ರ ದಾಳ ಕೇಳಬ್ಯಾಡ್ರಿ, ಹಂಗ ಒಂದು ಮನಿ ಅಳಸ್ರಿ.

ಇಪ್ಪತ್ತು ಮುಖ
ಇದು ಬೊಂಬಾಟ್ ಗುರು. ಇದಕ್ಕೆ ತಕ್ಕ ಹಾಗೆ ಗಡಿಯಾರ ಹೀಗಿರಲಿ.

ಆರು ಮನೆ. ಮೊದಲನೇದು ಶುರುವಿಗೇ ತುಂಬಿರುತ್ತೆ, ಯಾಕಂದ್ರೆ ಕೋಡಿ ಕಟ್ಟಿದೆ. ಪ್ರತಿ ಸುತ್ತಿನ ಕೊನೆಗೆ, ಏರಿಯ ಮೇಲಿನ ಶತ್ರುಗಳಲ್ಲಿ ಕನಿಷ್ಠ ಇಬ್ಬರು ತಮ್ಮ ಆಕ್ಷನ್ ಅನ್ನ ಅಗೆಯೋದಕ್ಕೇ ಬಳಸಿದ್ದರೆ ಒಂದು ಮನೆ ತುಂಬಿ. ಯಾರೂ ತಡೆಯದಿದ್ದರೆ ಐದನೇ ಸುತ್ತಿನ ಕೊನೆಗೆ ಏರಿ ಹೋಯ್ತು. ಮೂರನೇ ಮನೆಗೆ ಕೆಂಪು ನೀರು ಚಿಮ್ಮೋದು ಎಲ್ಲರಿಗೂ ಕೇಳಿಸುತ್ತೆ. ಐದನೇ ಮನೆ ತುಂಬಿದ ಮೇಲೆ ಗಾಬ್ಲಿನ್‌ಗಳೆಲ್ಲ ಸತ್ತರೂ ಗಡಿಯಾರ ತಾನೇ ಓಡುತ್ತೆ, ಆ ಸುತ್ತಿನಲ್ಲಿ ಯಾರಾದರೂ ರಿಪೇರಿ ಮಾಡಿದರೆ ಮಾತ್ರ ನಿಲ್ಲುತ್ತೆ. ಈ ಐದನೇ ಮನೆಯ ನಿಯಮ ಬಿಡಬೇಡಿ. ಇದಿಲ್ಲದಿದ್ದರೆ ಮತ್ತೆ ಎಲ್ಲರನ್ನೂ ಕೊಂದರೆ ಗೆದ್ದ ಹಾಗೆ ಅನ್ನೋ ಲೆಕ್ಕಕ್ಕೇ ಬರ್ತೀವಿ.

ರಿಪೇರಿ: ಒಂದು ಆಕ್ಷನ್, ಅಥ್ಲೆಟಿಕ್ಸ್ (ಮೈಬಲದ ದಾಳ) ಡಿಸಿ 12, ಅಂದ್ರೆ 12 ಮುಟ್ಟಿದರೆ ಒಂದು ಮನೆ ಅಳಿಸುತ್ತೆ. ಕೋಡಿಯ ದಿಮ್ಮಿ ಕಿತ್ತರೆ ಒಂದೇ ಸಲ ಎರಡು ಮನೆ, ಆದರೆ ಡಿಸಿ 15, ನೀರಿಗೆ ಇಳಿಯಬೇಕು.

ಒಡೆದರೆ: 20 ಅಡಿ ಅಗಲ, 60 ಅಡಿ ಉದ್ದ ನೀರು ನುಗ್ಗುತ್ತೆ. ಸ್ಟ್ರೆಂತ್ ಸೇವ್ (ಅಪಾಯ ತಡ್ಕೊಳ್ಳೋ ದಾಳ, ಇಲ್ಲಿ ಮೈಬಲದ್ದು) ಡಿಸಿ 13. ಸೋತರೆ 2ಡಿ6 ಪೆಟ್ಟು, 20 ಅಡಿ ಕೊಚ್ಚಿಕೊಂಡು ಹೋಗಿ ಬೀಳ್ತಾರೆ. ಗೆದ್ದರೆ ಅರ್ಧ ಪೆಟ್ಟು ಅಷ್ಟೇ. ಸರಾಸರಿ 7 ಅಂದ್ರೆ 3ನೇ ಲೆವೆಲ್‌ನವರು ತಡ್ಕೊಳ್ತಾರೆ, ಆದರೆ ಸಾಮಾನ್ಯ ಊರಿನವನಿಗೆ ಇರೋದು 4 ಎಚ್‌ಪಿ. ಆ 60 ಅಡಿಯಲ್ಲಿ ಗುಡಿಸಲು ಇಟ್ಟರೆ ಅಲ್ಲಿದ್ದವರ ಕಥೆ ಮುಗೀತು. ಇಡೋದಾದ್ರೆ ಒಂದೇ ಇಡಿ, ಯಾರದ್ದು ಅಂತ ಆಟಗಾರರಿಗೆ ಮೊದಲೇ ಗೊತ್ತಿರಲಿ.

ಏರಿಯ ಸದ್ದು ಮೊದಲ ಸುತ್ತಿನಲ್ಲೇ ಕೇಳಿಸಬೇಕಾದ್ರೆ ಪ್ಯಾಸಿವ್ ಪರ್ಸೆಪ್ಷನ್ (ದಾಳ ಇಲ್ಲದೆ ಗಮನಿಸೋ ಅಂಕ) 13: ಕಲ್ಲಿಗೆ ಕಬ್ಬಿಣ ಬಡಿಯೋ ಸದ್ದು. ಇಲ್ಲದಿದ್ದರೆ ಎರಡನೇ ಸುತ್ತಿನ ಶುರುವಿಗೆ ನೀರುಗಂಟಿ ಕೂಗ್ತಾನೆ. ಮೂರನೇ ಸುತ್ತಿನವರೆಗೂ ಬಚ್ಚಿಟ್ಟರೆ ಅದು ಆಟಗಾರರಿಗೆ ಮಾಡೋ ಮೋಸ.

ನೇರಳೆ
40 ಜನ ಊರವರ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ. ಹೊಸ ಊರಿನ ದಾಳಿ ಎಡವೋದೇ ಇಲ್ಲಿ. ಒಂದೋ ಎಲ್ಲರೂ ಮನೆ ಸೇರಿ ಚಿಲಕ ಹಾಕ್ಕೊಂಡು ಮಾಯ ಆಗ್ತಾರೆ, ಇಲ್ಲ ಡಿಎಂ 40 ಜನಕ್ಕೂ ಒಬ್ಬೊಬ್ಬರಿಗೆ ದಾಳ ಉರುಳಿಸಿ ಅರ್ಧ ಗಂಟೆ ತಿಂತಾರೆ.

ನಾಲ್ಕು ಕಾರ್ಡ್ ಮಾಡಿ, ಕಾರ್ಡಿಗೆ 10 ಜನ. ಮೂಟೆ ಗುಂಪು, ಬಿಂದಿಗೆ ಗುಂಪು, ದೊಣ್ಣೆ ಗುಂಪು, ಮಕ್ಕಳು ಮುದುಕರು. ಪ್ರತಿ ಕಾರ್ಡಿಗೆ ಮೂರು ಧೈರ್ಯ. ಆಟಗಾರ ತನ್ನ ಸರದಿಯಲ್ಲಿ ಒಂದು ಗುಂಪಿಗೆ ಒಂದು ಮಾತು ಕೂಗಬಹುದು, ಆಕ್ಷನ್ ಖರ್ಚಿಲ್ಲ, ದಾಳ ಇಲ್ಲ. ಮೂಟೆ ಗುಂಪು ಏರಿಯಲ್ಲಿ ಎರಡು ಸುತ್ತು ಕೆಲಸ ಮಾಡಿದರೆ ಗಡಿಯಾರದ ಒಂದು ಮನೆ ಅಳಿಯುತ್ತೆ. ಬಿಂದಿಗೆ ಗುಂಪು ಸುತ್ತಿಗೆ ಬೆಂಕಿ ಗಡಿಯಾರದ ಒಂದು ಮನೆ ಅಳಿಸುತ್ತೆ. ದೊಣ್ಣೆ ಗುಂಪು ಯಾರನ್ನೂ ಕೊಲ್ಲೋದಿಲ್ಲ. ಅವರು ನಿಂತ 10 ಅಡಿ ಜಾಗವನ್ನ ಶತ್ರು ದಾಟೋಕಾಗಲ್ಲ, ಅಷ್ಟೇ. ಶತ್ರು 30 ಅಡಿಯೊಳಗೆ ಬಂದರೆ, ಅಥವಾ ಕಣ್ಣೆದುರು ಯಾರಾದರೂ ಬಿದ್ದರೆ ಒಂದು ಧೈರ್ಯ ಹೋಗುತ್ತೆ. ಸೊನ್ನೆ ಆದರೆ ಚಾವಡಿಗೆ ಓಟ. ಆಟಗಾರ ಪಕ್ಕದಲ್ಲಿ ಬಂದು ನಿಂತರೆ ಒಂದು ವಾಪಸ್.

ಬೆಂಕಿಗೆ ಬೇರೆ ನಿಯಮ ಬೇಡ. ಹುಲ್ಲಿನ ಸೂರಿಗೆ ಮೂರು ಮನೆಯ ಗಡಿಯಾರ, ಸುತ್ತಿಗೊಂದು ತುಂಬುತ್ತೆ, ಮೂರೂ ತುಂಬಿದರೆ ಗುಡಿಸಲು ಹೋಯ್ತು, ಪಕ್ಕದ್ದು ಶುರು. ಕ್ಲೆರಿಕ್ ಹತ್ತಿರ ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್ ಅನ್ನೋ ಮಂತ್ರ ಇದ್ದರೆ 30 ಅಡಿ ಘನದೊಳಗೆ ಮಳೆ ಸುರಿಸಿ ಬಯಲಲ್ಲಿ ಉರಿಯೋ ಬೆಂಕಿಯನ್ನೆಲ್ಲ ಒಂದೇ ಏಟಿಗೆ ಆರಿಸಬಹುದು. ಆರಿಸಲಿ ಬಿಡಿ! ಯಾರೂ ತಯಾರಿ ಮಾಡ್ಕೊಳ್ಳದ ಸ್ಪೆಲ್ಲು ಅದು, ಅದಕ್ಕೂ ಒಂದು ದಿನ ಬರಲಿ.

ವಿಝರ್ಡ್‌ಗೆ ಸ್ಲೀಪ್ ಮಂತ್ರ ಇದ್ದರೆ ಗಮನಿಸಿ. 2014ರ ಸ್ಲೀಪ್ 5ಡಿ8 ಎಚ್‌ಪಿಯಷ್ಟು ಜೀವಿಗಳನ್ನ ಮಲಗಿಸುತ್ತೆ, ಸರಾಸರಿ 22, ಮೂರು ಗಾಬ್ಲಿನ್. ಆದರೆ ಲೆಕ್ಕ ಶುರುವಾಗೋದು ಕಡಿಮೆ ಎಚ್‌ಪಿ ಇರೋರಿಂದ, ಮತ್ತು ಅದಕ್ಕೆ ತಮ್ಮವರು ಬೇರೆಯವರು ಗೊತ್ತಾಗಲ್ಲ. 20 ಅಡಿಯೊಳಗೆ ಊರವರು ಐದು ಜನ ಇದ್ದರೆ ಐದು ನಾಲ್ಕಲಿ ಇಪ್ಪತ್ತು: ಊರವರು ಗೊರಕೆ, ಗಾಬ್ಲಿನ್ ಎಚ್ಚರ. ಇದನ್ನ ಸ್ಪೆಲ್ ಹಾಕೋ ಮುಂಚೆಯೇ ಆಟಗಾರರಿಗೆ ಹೇಳಿ.

ಗೇರುಬೀಜ
ಕಾರ್ಡ್ ಒಳ್ಳೆಯದು. ಆದರೆ ದಾಳವೇ ಇಲ್ಲ ಅಂದರೆ ಕ್ಯಾರಿಸ್ಮಾ (ಮಾತಿನ ವರ್ಚಸ್ಸು) ಇಟ್ಟುಕೊಂಡವ ಎಂತ ಮಾಡುವುದು?

ನೇರಳೆ
ಧೈರ್ಯ ಸೊನ್ನೆ ಆಗಿ ಓಡ್ತಿರೋ ಗುಂಪನ್ನ ತಿರುಗಿಸೋಕೆ ಪರ್ಸುವೇಷನ್ (ಮಾತಲ್ಲಿ ಒಪ್ಪಿಸೋ ದಾಳ) ಡಿಸಿ 13, ಒಂದು ಆಕ್ಷನ್. ಬರೀ ಅಲ್ಲಿ. ಮಾತು ಮಾತಿಗೂ ದಾಳ ಕೇಳಿದರೆ ಯಾರೂ ಊರವರ ಕಡೆ ತಿರುಗಿ ನೋಡಲ್ಲ, ಕತ್ತಿ ಬೀಸೋದೇ ಲಾಭ ಅನಿಸುತ್ತೆ.

ಬೆಟ್ಟದ ನೆಲ್ಲಿ
ಇಷ್ಟು ಹೊತ್ತು ಹೇಗೆ ಅನ್ನೋದೇ ಆಯಿತು. ಗಾಬ್ಲಿನ್‌ಗಳಿಗೆ ಈ ಏರಿ ಮೇಲೆ ಯಾಕಪ್ಪ ಸಿಟ್ಟು? ಕಾರಣ ಕವಡೆಯವರ ಮೊದಲ ಪೋಸ್ಟಿನಲ್ಲೇ ಇದೆ: ಹಳ್ಳಕ್ಕೆ ಅಡ್ಡ ಏರಿ ಹಾಕಿದ್ದಾರೆ. ಹಳ್ಳದ ಕೆಳಗೆ ಯಾರಿದ್ದರು ಅಂತ ಊರು ಕಟ್ಟಿದವರು ಕೇಳಿಲ್ಲ. ಕೆಳಗಿನ ಕೊರಕಲಿನಲ್ಲಿ ಗಾಬ್ಲಿನ್ ಹಟ್ಟಿ ಇದೆ ಅಂತ ಇಡಿ, ಕೋಡಿಗೆ ತುರುಕಿದ ದಿಮ್ಮಿಯಿಂದ ಹಿಡಿದು ವಾರ್ಗ್‌ವರೆಗೆ ಎಲ್ಲಕ್ಕೂ ಅರ್ಥ ಬರುತ್ತೆ. ಅವರಿಗೆ ಊರು ಬೇಡ, ನೀರು ಬೇಕು.

ಮೊದಲ ಸುತ್ತಿನಲ್ಲೇ ಹಾಬ್‌ಗಾಬ್ಲಿನ್ ಏರಿಯ ಮೇಲಿಂದ ಕೂಗಬೇಕು, "ಹಳ್ಳ ಬಿಡಿ!" ಅಂತ. ಅದಕ್ಕೆ ಆಟದ ಲೋಕದ ಸಾಮಾನ್ಯ ಭಾಷೆ ಕಾಮನ್ ಬರುತ್ತೆ, ದುಭಾಷಿ ಬೇಕಿಲ್ಲ. ಎರಡನೇ ಸಲ ಮೂರನೇ ಸುತ್ತಿನಲ್ಲಿ ಕೂಗಲಿ. ಜಗಳದ ಗದ್ದಲದಲ್ಲಿ ಒಂದೇ ಸಲ ಹೇಳಿದ ಮಾತು ಯಾರ ಕಿವಿಗೂ ಬೀಳೋದಿಲ್ಲ.

ದಾಳಿಗೆ ಮುಂಚಿನ ಆಟದಲ್ಲಿ ಸುಳಿವು ಎರಡು ಸಾಕು: ಕೆಳಗಿನ ಹಳ್ಳ ಒಣಗಿ ಮೀನು ಸತ್ತು ನಾರೋದು, ಮತ್ತೆ ಮರಳಲ್ಲಿ ಒರತೆ ತೋಡಿದ ಸಣ್ಣ ಸಣ್ಣ ಕೈಗಳ ಗುರುತು. ಇದನ್ನ ನೋಡಿಯೂ ಆಟಗಾರರು ಕತ್ತಿಯನ್ನೇ ಆರಿಸಿಕೊಂಡರೆ ಸರಿ, ಆರಿಸಿಕೊಳ್ಳಲಿ.

ಉಳ್ಳಾಗಡ್ಡಿ
ಭಾರಿ ಹೇಳಿದ್ರಿ. ಹಂಗಾದ್ರ ರಾಜಿಗೂ ಲೆಕ್ಕ ಬೇಕು. ಬಾಯಿಮಾತಿನಾಗ "ಆಯ್ತು, ನೀರು ಕೊಡತೀವಿ" ಅಂದು ಮುಗಸಬಾರದು.

ಕೆರಿಯಾಗ 12 ಪಾಲು ನೀರು ಅಂತ ಇಡ್ರಿ. ಊರಿನ ಭತ್ತಕ್ಕ ಸುಗ್ಗಿ ತನಕ 8 ಪಾಲು, ಹಟ್ಟಿಗೆ 6. ಒಟ್ಟು 14, ಎರಡು ಕಮ್ಮಿ ಬೀಳತೈತಿ. ಚೌಕಾಸಿ ನಡೆಯೋದು ಈ ಎರಡರ ಮ್ಯಾಲ. ದಾರಿ ಮೂರು ಅದಾವು. ಭತ್ತ ಅರ್ಧ ಬಿಟ್ಟು ರಾಗಿ ಹಾಕಿದ್ರ ಎರಡು ಪಾಲು ಉಳೀತೈತಿ, ಆದ್ರ ಆ ಹೊಲದ ಯಜಮಾನ ಒಪ್ಪಬೇಕು. ಕೋಡಿ ಮ್ಯಾಲ ಒಂದು ಸಾಲು ಕಲ್ಲು ಏರಿಸಿದ್ರ ಎರಡು ಪಾಲು ಹೆಚ್ಚಿಗಿ ನಿಲ್ಲತೈತಿ, ಆದ್ರ ನೀರು ಏರಿ ತಲಿಗೆ ಹತ್ರ ಬರತೈತಿ: ಮುಂದಿನ ಸಲ ಏರಿಗೆ ಕುತ್ತು ಬಂದಾಗ ಗಡಿಯಾರದಾಗ ಎರಡು ಮನಿ ಮೊದಲ ತುಂಬಿರತಾವು. ಹಿನ್ನೀರಿನಾಗ ಮ್ಯಾಲಿನವರ ಹೊಲಾನೂ ಮುಳಗತೈತಿ. ಮೂರನೇದು, ತೂಬಿನ ಗೂಟ ಯಾರ ಕೈಯಾಗ ಇರಬೇಕು ಅನ್ನೋದು. ರಾತ್ರಿ ಗೂಟ ಎತ್ತಾಕ ಒಬ್ಬ ಗಾಬ್ಲಿನ್ ಊರೊಳಗ ಬರಬೇಕು ಅಂತ ಕರಾರು ಮಾಡ್ರಿ. ಮುಂದಿನ ಮೂರು ಆಟಕ್ಕ ಜಗಳ ಹುಡುಕೂ ಕೆಲಸ ಇರಂಗಿಲ್ಲ.

ಕವಡೆ
ಇದು ಕೇಳಿದ್ದಕ್ಕಿಂತ ಜಾಸ್ತಿ ಆಯ್ತು! ಎರಡೇ ಸಂಶಯ. ಮುಂದೆ 2024ರ ನಿಯಮಕ್ಕೆ ಹೋದರೆ ಲೆಕ್ಕ ಬದಲಾಗುತ್ತಾ? ಮತ್ತೆ, ಹಾಬ್‌ಗಾಬ್ಲಿನ್‌ನ ಎರಡನೇ ಸುತ್ತಿನಲ್ಲೇ ಕೊಂದುಬಿಟ್ಟರೆ ರಾಜಿ ಮಾತಾಡೋರು ಯಾರು?

ಇಪ್ಪತ್ತು ಮುಖ
2024ರಲ್ಲಿ ಗುಣಕ ತೆಗೆದುಹಾಕಿದ್ದಾರೆ. ನಿಮ್ಮ ನಾಲ್ವರಿಗೆ ಲೋ 600, ಮಾಡರೇಟ್ 900, ಹೈ 1600. ಅಷ್ಟೇ ಎಕ್ಸ್‌ಪಿ ಹಿಡಿದರೆ ಹತ್ತೂ ಸೇರಿ 650, ಕಾಗದದ ಮೇಲೆ ಸಪ್ಪೆಯಾಗಿ ಕಾಣುತ್ತೆ. ಹಾಗಂತ ಎರಡು ಪಟ್ಟು ಮಾಡೋಕೆ ಹೋಗಬೇಡಿ, ಗಡಿಯಾರಗಳ ಒತ್ತಡ ಆ ಪಟ್ಟಿಯ ಲೆಕ್ಕದಲ್ಲಿ ಇಲ್ಲ. ಪ್ರಾಣಿಗಳ ವಿವರ ಮಾತ್ರ ಹೊಸ ಪುಸ್ತಕದಿಂದಲೇ ತಗೊಳ್ಳಿ, ಹಳೇದು ಹೊಸದು ಬೆರೆಸಬೇಡಿ.

ಇನಿಶಿಯೇಟಿವ್ (ಯಾರ ಸರದಿ ಮೊದಲು ಅನ್ನೋದು) ಗುಂಪಿಗೆ ಒಂದೇ ದಾಳ: ತೆರಪು ಒಂದು, ಏರಿ ಒಂದು, ವಾರ್ಗ್ ಒಂದು. ವಾರ್ಗ್‌ನ ವೇಗ 50 ಅಡಿ, ಕಚ್ಚಿದರೆ 2ಡಿ6+3, ಮೇಲೆ ಡಿಸಿ 13 ಸೇವ್ ಸೋತರೆ ನೆಲಕ್ಕೆ. ಎರಡೂ ಒಬ್ಬನ ಮೇಲೇ ಎಗರಿದರೆ ಆ ಆಟಗಾರ ಎದ್ದೇಳೋದು ಕಷ್ಟ. ಅವಕ್ಕೆ ಎತ್ತು ಬೇಕು, ಮನುಷ್ಯ ಅಲ್ಲ. ಅರ್ಧ ಎಚ್‌ಪಿ ಹೋದ ಮೇಲೆ ಕಾಡಿಗೆ ಓಡಿಸಿ.

ಬೆಟ್ಟದ ನೆಲ್ಲಿ
ಎರಡನೇದಕ್ಕೆ: ಹಾಬ್‌ಗಾಬ್ಲಿನ್ ಬಿದ್ದ ಕೂಡಲೇ ಉಳಿದ ಗುಂಪುಗಳಿಗೆ ತಲಾ ಒಂದು ವಿಸ್‌ಡಮ್ ಸೇವ್ (ಮನೋಬಲದ್ದು), ಡಿಸಿ 10. ಸೋತ ಗುಂಪು ಓಡುತ್ತೆ. ಹತ್ತರಲ್ಲಿ ಐದು ಬಿದ್ದಾಗ ಇನ್ನೊಮ್ಮೆ. ಏರಿಯ ಮೇಲಿನ ಒಂದು ಗಾಬ್ಲಿನ್ ಮಾತ್ರ ಓಡದೆ ಸಲಕಿ ಬಿಸಾಕಿ ಕೂತುಬಿಡಲಿ. ಅದಕ್ಕೆ ಕಾಮನ್ ಬರುತ್ತೆ, ಆದರೆ ಒಪ್ಪಂದ ಮಾಡೋ ಅಧಿಕಾರ ಇಲ್ಲ. ಹಟ್ಟಿಯ ಹಿರಿಯಳ ಹತ್ತಿರ ಕರೆದುಕೊಂಡು ಹೋಗುತ್ತೆ. ಅದನ್ನೂ ಕೊಂದರೆ ನೀರಿನ ತಗಾದೆ ಸಾಯೋದಿಲ್ಲ: ಮೂರನೇ ದಿನ ಹಟ್ಟಿಯವರು ಕೆರೆಯ ಮೇಲ್ಗಡೆ ಹಳ್ಳವನ್ನೇ ಬೇರೆ ಕಡೆ ತಿರುಗಿಸೋಕೆ ಕಾಲುವೆ ತೋಡ್ತಾರೆ. ಕೆರೆಗೆ ಬರೋ ನೀರು ವಾರಕ್ಕೆ ಒಂದು ಪಾಲಿನಂತೆ ಕಡಿಮೆ ಮಾಡ್ತಾ ಹೋಗಿ. ಹನ್ನೆರಡರ ಪಟ್ಟಿಯನ್ನ ಆಟಗಾರರ ಕಣ್ಣೆದುರೇ ಇಟ್ಟು ಒಂದೊಂದೇ ಗೆರೆ ಹೊಡೀರಿ.